ಗ್ರಂಥಋಣ: ಬರೆದಿಡಬೇಕಾದ ಸಾಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಮನೆಗಳಲ್ಲಿ ಹೆಣ್ಣು ಮಕ್ಕಳು ಡಿಗ್ರಿ ಓದುವುದು ಈಗ ಹೊಸ ಸುದ್ದಿಯೇನಲ್ಲ. ಬಿ.ಎಡ್., ಎಂ.ಎ., ಎಂ.ಕಾಂ. ತನಕ ಹೋಗುವವರೂ ಇದ್ದಾರೆ. ತಾಯಿ ಬೀಡಿ ಕಟ್ಟುವ ಜಗಲಿಯ ಇನ್ನೊಂದು ಮೂಲೆಯಲ್ಲಿ ಮಗಳು ಮೊಬೈಲ್ ಹಿಡಿದುಕೊಂಡು 'ಪ್ರಾಜೆಕ್ಟ್' ಬರೆಯುತ್ತಿರುತ್ತಾಳೆ. ಅವಳು ಬರೆಯುವ ವಿಷಯ ತಾಯಿಗೆ ಪೂರ್ತಿ ಅರ್ಥವಾಗದಿರಬಹುದು. ಆದರೆ ಯಾವ ತಾಯಿಯೂ ಕೇಳಬಹುದಾದ, ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. "ಈ ಮಾತು ನಿನಗೆ ಎಲ್ಲಿಂದ ಸಿಕ್ಕಿತು?"

ಸಂಶೋಧನಾ ಪ್ರಬಂಧದಲ್ಲಿ ಆಕರಗಳನ್ನು ನಮೂದಿಸುವುದೆಂದರೆ ಈ ಪ್ರಶ್ನೆಗೆ ಕ್ರಮಬದ್ಧವಾಗಿ ಉತ್ತರ ಕೊಡುವುದು. ಅಷ್ಟೇ. ಆದರೆ ಹೆಚ್ಚಿನ ವಿದ್ಯಾರ್ಥಿನಿಯರು ಇದನ್ನು ಕೊನೆಯ ರಾತ್ರಿಯ ಕೆಲಸವೆಂದು ಭಾವಿಸುತ್ತಾರೆ. ಪ್ರಬಂಧ ಬೈಂಡಿಂಗ್‌ಗೆ ಹೋಗುವ ಮುನ್ನ ಎಲ್ಲಿಂದಲೋ ಹತ್ತು ಪುಸ್ತಕಗಳ ಹೆಸರು ಹುಡುಕಿ ಕೊನೆಯ ಪುಟದಲ್ಲಿ ಜೋಡಿಸಿಬಿಡುತ್ತಾರೆ. ಅವುಗಳಲ್ಲಿ ಎಷ್ಟನ್ನು ಓದಿದ್ದೀರಿ ಎಂದು ಕೇಳಿದರೆ ಮೌನವೇ ಉತ್ತರ.

ಈ ಪಟ್ಟಿಗೆ ಕನ್ನಡದಲ್ಲಿ ಒಂದು ಒಳ್ಳೆಯ ಹೆಸರಿದೆ: ಗ್ರಂಥಋಣ. ಪುಸ್ತಕಗಳಿಂದ ಪಡೆದ ಸಾಲ ಎಂದರ್ಥ. ಸಾಲವನ್ನು ಬರೆದಿಡಬೇಕೆಂಬುದು ನಮಗೆ ಹೊಸ ಪಾಠವಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನವಾದ ಅಲ್-ಬಕರಃದ 282ನೇ ವಚನವು ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮೇತ ಬರೆದಿಡುವ ಕುರಿತಾಗಿಯೇ ಇದೆ. ಬೀಡಿ ಬ್ರಾಂಚಿನಿಂದ ತಂದ ಎಲೆ, ಹೊಗೆಸೊಪ್ಪಿನ ತೂಕ ಮತ್ತು ಕೊಟ್ಟ ಬೀಡಿಯ ಲೆಕ್ಕ ಪಾಸ್ ಪುಸ್ತಕದಲ್ಲಿ ಸರಿಯಾಗಿದೆಯೇ ಎಂದು ಎರಡೆರಡು ಬಾರಿ ನೋಡುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಬ್ಬರು ದುಡಿದು ಕಂಡುಕೊಂಡ ತಿಳಿವಳಿಕೆಯನ್ನು ನಾವು ಪಡೆದಾಗಲೂ ಯಾರಿಂದ, ಯಾವಾಗ, ಎಷ್ಟು ಎಂಬುದನ್ನು ಬರೆಯಬೇಕು.

ಒಂದು ಕೋಟೆಯ ಹೆಸರು

ನಮ್ಮ ಊರಿನದೇ ಒಂದು ಉದಾಹರಣೆ ನೋಡೋಣ. ಬೆಳ್ತಂಗಡಿ ತಾಲೂಕಿನ ವಿದ್ಯಾರ್ಥಿನಿಯೊಬ್ಬಳು ಜಮಲಾಬಾದ್ ಕೋಟೆಯ ಕುರಿತು ಪ್ರಬಂಧ ಬರೆಯುತ್ತಾಳೆ ಎಂದಿಟ್ಟುಕೊಳ್ಳಿ. ಗಡಾಯಿಕಲ್ಲು ಎಂದು ಕರೆಯುವ ಆ ದೊಡ್ಡ ಬಂಡೆಯ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿದ, ತನ್ನ ತಾಯಿ ಜಮಾಲಾಬಿಯ ನೆನಪಿಗಾಗಿ ಜಮಲಾಬಾದ್ ಎಂದು ಹೆಸರಿಟ್ಟ ಎಂದು ಆಕೆ ಬರೆಯುತ್ತಾಳೆ. ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲೆಲ್ಲೂ ಈ ಮಾತೇ ಸಿಗುತ್ತದೆ. ಪ್ರವಾಸಿ ಕೈಪಿಡಿಗಳಲ್ಲೂ ಇದೆ.

ಆದರೆ ಇತಿಹಾಸ ಗ್ರಂಥಗಳು ಟಿಪ್ಪುವಿನ ತಾಯಿಯ ಹೆಸರನ್ನು ಫಾತಿಮಾ ಫಕ್ರುನ್ನಿಸಾ ಎಂದು ಕೊಡುತ್ತವೆ. ಹಾಗಾದರೆ ಜಮಾಲಾಬಿ ಯಾರು? ಅದು ತಾಯಿಯ ಇನ್ನೊಂದು ಹೆಸರೇ, ಊರವರ ಬಾಯಲ್ಲಿ ಬೆಳೆದ ಕಥೆಯೇ? ಆಧಾರ ಕೊಡದೆ ಬರೆದ ವಾಕ್ಯ ಈ ಪ್ರಶ್ನೆಯನ್ನು ಮುಚ್ಚಿಹಾಕುತ್ತದೆ. "ತಾಯಿಯ ಹೆಸರಿನಿಂದ ಈ ಹೆಸರು ಬಂತೆಂದು ಸ್ಥಳೀಯರು ಹೇಳುತ್ತಾರೆ" ಎಂದು ಬರೆದು, ಹೇಳಿದವರು ಯಾರು ಎಂದು ನಮೂದಿಸಿದರೆ ಅದೇ ವಾಕ್ಯ ಪ್ರಾಮಾಣಿಕವಾಗುತ್ತದೆ. ಹತ್ತು ವೆಬ್‌ಸೈಟುಗಳು ಹೇಳಿದ ಮಾತ್ರಕ್ಕೆ ಹತ್ತು ಆಧಾರಗಳಾಗುವುದಿಲ್ಲ. ಹತ್ತೂ ಒಂದನ್ನೊಂದು ನೋಡಿ ಬರೆದಿರಬಹುದು. ಸುದ್ದಿ ಬಂದಾಗ ಪರಿಶೀಲಿಸಿಕೊಳ್ಳಬೇಕೆಂದು ಸೂರಃ ಅಲ್-ಹುಜುರಾತ್‌ನ 6ನೇ ವಚನ ನಮಗೆ ಕಲಿಸಿದ್ದು ವಾಟ್ಸಾಪ್ ಕಾಲಕ್ಕೂ ಅನ್ವಯಿಸುತ್ತದೆ, ಪ್ರಾಜೆಕ್ಟಿಗೂ ಅನ್ವಯಿಸುತ್ತದೆ.

ಒಂದೇ ಪುಸ್ತಕ, ಎರಡು ವಿಳಾಸ

ಹಾಗಾದರೆ ಹಳೆಯ ಆಧಾರ ಎಲ್ಲಿದೆ? ಟಿಪ್ಪು ಹುತಾತ್ಮನಾಗಿ ಎರಡು ವರ್ಷ ಕೂಡ ತುಂಬುವ ಮೊದಲು, 1801ರ ಆರಂಭದಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಂಪೆನಿ ಸರಕಾರದ ಆದೇಶದಂತೆ ನಮ್ಮ ಜಿಲ್ಲೆಯಲ್ಲಿ ಪ್ರಯಾಣ ಮಾಡಿದ. ಬಂಟ್ವಾಳ, ಬೆಳ್ತಂಗಡಿ, ಜಮಲಾಬಾದ್, ವೇಣೂರು, ಮೂಡುಬಿದಿರೆ ಎಲ್ಲವೂ ಅವನ ಪುಸ್ತಕದಲ್ಲಿವೆ. ನಮ್ಮ ಮೂರೂ ಊರುಗಳ ಬಗ್ಗೆ ಬರೆಯುವವರು ನೋಡಲೇಬೇಕಾದ ಪುಸ್ತಕವದು. ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಆದರೆ ಹುಡುಕುವಾಗ ಎಚ್ಚರಿಕೆ ಬೇಕು. ಅವನ ಕಿವಿಗೆ ಬಿದ್ದಂತೆ ಊರಿನ ಹೆಸರುಗಳನ್ನು ಬರೆದಿದ್ದಾನೆ. ವೇಣೂರು ಅವನ ಪುಸ್ತಕದಲ್ಲಿ 'ಐನೂರು' ಆಗಿದೆ.

ಇಲ್ಲಿಯೇ ಆಕರ ಸೂಚನೆಯ ಮುಖ್ಯ ಪಾಠವಿದೆ. ಈ ಪುಸ್ತಕ ಮೊದಲು 1807ರಲ್ಲಿ ಲಂಡನ್‌ನಲ್ಲಿ 3 ಸಂಪುಟಗಳಾಗಿ ಪ್ರಕಟವಾಯಿತು. 1870ರಲ್ಲಿ ಮದ್ರಾಸಿನ ಹಿಗ್ಗಿನ್‌ಬಾಥಮ್ಸ್‌ನವರು ಅದನ್ನೇ 2 ಸಂಪುಟಗಳಲ್ಲಿ ಮತ್ತೆ ಮುದ್ರಿಸಿದರು. ಮೊದಲ ಮುದ್ರಣದಲ್ಲಿ 3ನೇ ಸಂಪುಟದಲ್ಲಿರುವ ನಮ್ಮ ಊರಿನ ವಿವರ ಎರಡನೆಯ ಮುದ್ರಣದಲ್ಲಿ 2ನೇ ಸಂಪುಟಕ್ಕೆ ಬಂದಿದೆ. ಪುಟ ಸಂಖ್ಯೆಗಳೂ ಬೇರೆ. "ಬುಕಾನನ್ ಹೇಳಿದ್ದಾನೆ" ಎಂದಷ್ಟೇ ಬರೆದರೆ ಓದುಗ ಸಾವಿರ ಪುಟಗಳಲ್ಲಿ ಹುಡುಕಬೇಕು. ಪುಟ ಸಂಖ್ಯೆ ಕೊಟ್ಟು ವರ್ಷ ಬಿಟ್ಟರೆ ತಪ್ಪು ಪುಟ ತೆರೆಯುತ್ತಾನೆ. ವರ್ಷ, ಸಂಪುಟ, ಪುಟ ಮೂರೂ ಇದ್ದರೆ ಮಾತ್ರ ನೇರವಾಗಿ ಆ ಸಾಲಿಗೆ ತಲುಪುತ್ತಾನೆ. ವಿಳಾಸದಲ್ಲಿ ಊರು, ಅಂಚೆ, ಪಿನ್ ಕೋಡ್ ಬೇಕಾಗುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ.

ಇನ್ನೊಂದು ತೊಡಕೂ ಇದೆ. ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಇಟ್ಟುಕೊಂಡ. ಆದ್ದರಿಂದ ಕೆಲವು ಗ್ರಂಥಾಲಯಗಳಲ್ಲಿ 'ಬ'ದಲ್ಲಿ, ಕೆಲವು ಕಡೆ 'ಹ'ದಲ್ಲಿ ಸಿಗುತ್ತಾನೆ. ಇಂತಹ ಸಂದರ್ಭದಲ್ಲಿ ನಿಮ್ಮ ಕೈಯಲ್ಲಿರುವ ಪುಸ್ತಕದ ಶೀರ್ಷಿಕೆ ಪುಟದಲ್ಲಿ ಏನಿದೆಯೋ ಅದನ್ನೇ ಬರೆಯಿರಿ.

ಮೂಲವನ್ನು ನೋಡಿದ್ದೀರಾ?

ಮೂಡುಬಿದಿರೆಗೆ ಬರೋಣ. ಅಲ್ಲಿನ ಧವಲಾ ಕಾಲೇಜಿನ ಹೆಸರನ್ನು ನಾವೆಲ್ಲ ಕೇಳಿದ್ದೇವೆ. 'ಧವಲಾ' ಎಂಬುದು ಜೈನರ ಒಂದು ಮಹಾ ಗ್ರಂಥ. ಅದರ ತಾಳೆಗರಿಯ ಹಳೆಯ ಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದವು. ಹೊರಗಿನ ವಿದ್ವಾಂಸರ ಕೈಗೆ ಸಿಕ್ಕಿದ್ದು ಪ್ರತಿಯಿಂದ ಮಾಡಿದ ಪ್ರತಿಗಳು. ಪ್ರೊ. ಹೀರಾಲಾಲ್ ಜೈನ್ 1939ರಲ್ಲಿ ಅದರ ಮೊದಲ ಸಂಪುಟವನ್ನು ಮುದ್ರಿಸಿದಾಗ ಅಂತಹ ಪ್ರತಿಗಳನ್ನೇ ಅವಲಂಬಿಸಬೇಕಾಯಿತು. ಮುಂದೆ ಮೂಡುಬಿದಿರೆಯ ಮೂಲದೊಂದಿಗೆ ಹೋಲಿಸಿ ನೋಡುವ ಅವಕಾಶ ಸಿಕ್ಕಿದಾಗ ವ್ಯತ್ಯಾಸಗಳನ್ನು ಗುರುತಿಸಿ ಓದುಗರ ಮುಂದಿಟ್ಟರು. ನಕಲನ್ನು ನೋಡಿ ಮೂಲವನ್ನು ನೋಡಿದೆ ಎನ್ನಲಿಲ್ಲ. ವಿದ್ವತ್ತಿನ ಘನತೆ ಇರುವುದು ಇಲ್ಲಿ.

ನಮ್ಮ ಪರಂಪರೆಯಲ್ಲೂ ಇದಕ್ಕೆ ಸಮಾನವಾದ ಮಾದರಿಯಿದೆ, ಅದೂ ಒಬ್ಬ ಮಹಿಳೆಯದು. ಕರೀಮಾ ಅಲ್-ಮರ್ವಝಿಯ್ಯಾ ಮಕ್ಕಾದಲ್ಲಿ ಸಹೀಹ್ ಬುಖಾರಿಯನ್ನು ಬೋಧಿಸುತ್ತಿದ್ದ ವಿದುಷಿ. ಹಿಜರಿ 463ರಲ್ಲಿ ನಿಧನರಾದರು. ಅವರ ಬಳಿ ಓದಿದವರು ತಾವು ಬರೆದುಕೊಂಡ ಪ್ರತಿಯನ್ನು ಅವರ ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಬೇಕಾಗಿತ್ತು. ಬಗ್ದಾದಿನ ಪ್ರಸಿದ್ಧ ವಿದ್ವಾಂಸ ಖತೀಬ್ ಅಲ್-ಬಗ್ದಾದಿಯವರೂ ಅವರಿಂದ ಬುಖಾರಿ ಓದಿಕೊಂಡವರೇ. ಯಾರಿಂದ ಯಾರು ಕೇಳಿದರು ಎಂಬ ಸನದಿನ ಸರಪಣಿಯಿಲ್ಲದೆ ಹದೀಸನ್ನು ಸ್ವೀಕರಿಸದ ಸಮುದಾಯ ನಮ್ಮದು. ಅಂತಹ ಮನೆಯ ಮಗಳು ಆಧಾರವಿಲ್ಲದ ಪ್ರಬಂಧ ಬರೆಯಬಹುದೇ?

ಆದ್ದರಿಂದ ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೀವು ನೋಡಿದ್ದನ್ನು ಮಾತ್ರ ನಮೂದಿಸಿ. ಬುಕಾನನ್‌ನ ಮಾತನ್ನು ಇನ್ನೊಬ್ಬರ ಪುಸ್ತಕದಲ್ಲಿ ಓದಿದ್ದರೆ "ಬುಕಾನನ್, ಇಂತಹವರ ಪುಸ್ತಕದಲ್ಲಿ ಉದ್ಧೃತ" ಎಂದು ಬರೆದು ಆ ಎರಡನೆಯ ಪುಸ್ತಕದ ವಿವರ ಕೊಡಿ. ಇದರಿಂದ ಯಾವ ಅಂಕವೂ ಕಡಿಮೆಯಾಗುವುದಿಲ್ಲ. ಆ ಲೇಖಕರು ತಪ್ಪಾಗಿ ಉದ್ಧರಿಸಿದ್ದರೆ ತಪ್ಪಿನ ಹೊಣೆ ನಿಮ್ಮ ತಲೆಗೆ ಬರುವುದೂ ಇಲ್ಲ.

ಹದೀಸನ್ನು ಪ್ರಬಂಧದಲ್ಲಿ ಬಳಸುವವರು "ಬುಖಾರಿ" ಎಂದು ಆವರಣದಲ್ಲಿ ಬರೆದು ಮುಗಿಸಬಾರದು. ಮುಹಮ್ಮದ್ ಫುವಾದ್ ಅಬ್ದುಲ್ ಬಾಕಿಯವರ ಕ್ರಮದಲ್ಲಿ ಸಹೀಹ್ ಬುಖಾರಿಯ ಹದೀಸ್ ಸಂಖ್ಯೆ 7,563ರ ತನಕ ಹೋಗುತ್ತದೆ. ಮುಹ್ಸಿನ್ ಖಾನ್‌ರ 9 ಸಂಪುಟಗಳ ಇಂಗ್ಲಿಷ್ ಅನುವಾದದಲ್ಲಿ ಸಂಪುಟ ಮತ್ತು ಸಂಖ್ಯೆಯ ಕ್ರಮವೇ ಬೇರೆ. ಯಾವ ಮುದ್ರಣದ ಸಂಖ್ಯೆ ಎಂದು ಹೇಳದಿದ್ದರೆ ಇನ್ನೊಬ್ಬರು ತೆರೆದಾಗ ಬೇರೆಯೇ ಹದೀಸ್ ಸಿಗುತ್ತದೆ. ಕುರ್‌ಆನಿಗೆ ಅಧ್ಯಾಯ ಮತ್ತು ವಚನ ಸಂಖ್ಯೆ ಸಾಕು. ಆದರೆ ಕನ್ನಡ ಅನುವಾದದ ಮಾತುಗಳನ್ನು ಉದ್ಧರಿಸಿದರೆ ಅನುವಾದಕರು, ಪ್ರಕಾಶಕರು, ವರ್ಷವನ್ನೂ ಸೇರಿಸಬೇಕು.

ಬರೆಯುವ ಕ್ರಮ

ಯಾವುದೇ ಆಕರಕ್ಕೆ ನಾಲ್ಕು ಪ್ರಶ್ನೆಗಳು: ಯಾರು ಬರೆದರು? ಯಾವಾಗ ಪ್ರಕಟವಾಯಿತು? ಹೆಸರೇನು? ಎಲ್ಲಿ ಸಿಗುತ್ತದೆ? ಜಗತ್ತಿನ ಎಲ್ಲ ಶೈಲಿಗಳೂ ಈ ನಾಲ್ಕು ಉತ್ತರಗಳನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸುತ್ತವೆ, ಅಷ್ಟೇ.

ಶಿಕ್ಷಣ, ಸಮಾಜ ವಿಜ್ಞಾನದಲ್ಲಿ ಹೆಚ್ಚಾಗಿ ಬಳಸುವುದು ಎ.ಪಿ.ಎ. ಶೈಲಿ. 1929ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಆರಂಭಿಸಿದ ಇದರ 7ನೇ ಆವೃತ್ತಿ 2019ರಲ್ಲಿ ಬಂತು. ಅದರಂತೆ ನಮ್ಮ ಪುಸ್ತಕವನ್ನು ಹೀಗೆ ಬರೆಯಬೇಕು: ಬುಕಾನನ್, ಎಫ್. (1807). ಎ ಜರ್ನಿ ಫ್ರಮ್ ಮದ್ರಾಸ್ ಥ್ರೂ ದಿ ಕಂಟ್ರೀಸ್ ಆಫ್ ಮೈಸೂರ್, ಕೆನರಾ ಆಂಡ್ ಮಲಬಾರ್ (ಸಂಪುಟ 3). ಟಿ. ಕೆಡೆಲ್ ಆಂಡ್ ಡಬ್ಲ್ಯು. ಡೇವಿಸ್. ವಿಷಯದ ಹೊಸತನ ಮುಖ್ಯವಾದ ಶಾಸ್ತ್ರಗಳಾದ್ದರಿಂದ ಇಲ್ಲಿ ಲೇಖಕರ ಹಿಂದೆಯೇ ವರ್ಷ ಬರುತ್ತದೆ. ಪ್ರಬಂಧದ ಒಳಗೆ ಆವರಣದಲ್ಲಿ ಹೆಸರು ಮತ್ತು ವರ್ಷ, ನೇರ ಉದ್ಧರಣೆಯಾದರೆ ಪುಟವೂ ಬೇಕು.

ಭಾಷೆ, ಸಾಹಿತ್ಯದವರು ಎಂ.ಎಲ್.ಎ. ಶೈಲಿ ಬಳಸುತ್ತಾರೆ. ಅದರಲ್ಲಿ ವರ್ಷ ಕೊನೆಗೆ ಹೋಗುತ್ತದೆ: ಬುಕಾನನ್, ಫ್ರಾನ್ಸಿಸ್. ಪುಸ್ತಕದ ಹೆಸರು. ಸಂಪುಟ 3, ಪ್ರಕಾಶಕರು, 1807. ಇತಿಹಾಸದವರಿಗೆ ಅಡಿಟಿಪ್ಪಣಿ ಇಷ್ಟ. 1906ರಿಂದ ಪ್ರಕಟವಾಗುತ್ತಿರುವ ಶಿಕಾಗೋ ಕೈಪಿಡಿ ಅದಕ್ಕೆ ಹೆಸರಾಗಿದೆ. ಯಾವುದು ಸರಿ ಎಂದು ವಾದ ಬೇಡ. ನಿಮ್ಮ ವಿಭಾಗ ಯಾವುದನ್ನು ಕೇಳುತ್ತದೆ ಎಂದು ಮೊದಲ ದಿನವೇ ಮಾರ್ಗದರ್ಶಕರಲ್ಲಿ ಕೇಳಿ, ಮೊದಲ ಪುಟದಿಂದ ಕೊನೆಯ ತನಕ ಅದನ್ನೇ ಪಾಲಿಸಿ. ಒಂದು ಕಡೆ ವರ್ಷ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೆ ಪರೀಕ್ಷಕರಿಗೆ ನಕಲು ಮಾಡಿದ ಅನುಮಾನ ಬರುವುದು ಸಹಜ. ಪ್ರಕಟವಾದ ಊರಿನ ಹೆಸರನ್ನು ಈಗಿನ ಎ.ಪಿ.ಎ. ಆವೃತ್ತಿ ಕೇಳುವುದಿಲ್ಲ. ಕನ್ನಡ ವಿಭಾಗಗಳಲ್ಲಿ ಅದನ್ನು ಬರೆಯುವ ರೂಢಿ ಇನ್ನೂ ಇದೆ. ಅದನ್ನೂ ಕೇಳಿಕೊಳ್ಳಿ.

ಕನ್ನಡದಲ್ಲಿ ಬರೆಯುವವರಿಗೆ ಎರಡು ಕಿವಿಮಾತು. 'ಸಂ.' ಎಂದು ಹ್ರಸ್ವವಾಗಿ ಬರೆಯಬೇಡಿ. ಅದು ಸಂಪಾದಕರೋ, ಸಂಪುಟವೋ, ಸಂಚಿಕೆಯೋ ಎಂದು ತಿಳಿಯುವುದಿಲ್ಲ. ಪೂರ್ತಿ ಪದ ಬರೆಯಿರಿ. ಹಾಗೆಯೇ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ, ಕನ್ನಡ ಮತ್ತು ಇಂಗ್ಲಿಷ್ ಆಕರಗಳನ್ನು ಬೇರೆ ಬೇರೆಯಾಗಿ ಕೊಡಿ.

ನಮ್ಮ ಹೆಸರುಗಳ ತೊಡಕು

ಮನೆತನದ ಹೆಸರನ್ನು ಮುಂದೆ ತರಬೇಕು ಎಂಬುದು ಪಾಶ್ಚಾತ್ಯರ ನಿಯಮ. ನಮ್ಮಲ್ಲಿ ಅದು ಸುಲಭವಲ್ಲ. ಬೊಳುವಾರು ಮಹಮದ್ ಕುಂಞಿ ಅವರ ಹೆಸರಿನಲ್ಲಿ ಬೊಳುವಾರು ಪುತ್ತೂರಿನ ಒಂದು ಜಾಗ. ಕುಂಞಿ ಮನೆತನವಲ್ಲ. 'ಕುಂಞಿ, ಬಿ. ಎಂ.' ಎಂದು ಬರೆದರೆ ಅವರ ಓದುಗರಿಗೇ ಗುರುತು ಸಿಗದು. ಸಾರಾ ಅಬೂಬಕ್ಕರ್ ಅವರ ಹೆಸರನ್ನು ತಿರುಗಿಸಿದರೆ ಅವರ ಪತಿಯ ಹೆಸರು ಮುಂದೆ ಬಂದು ಲೇಖಕಿ ಹಿಂದೆ ಸರಿಯುತ್ತಾರೆ. ಆದ್ದರಿಂದ ಕನ್ನಡ ಪ್ರಬಂಧದಲ್ಲಿ ಹೆಸರನ್ನು ಮುಖಪುಟದಲ್ಲಿರುವಂತೆಯೇ ಬರೆದು ಅದರ ಮೊದಲ ಅಕ್ಷರದಂತೆ ಜೋಡಿಸುವುದು ಒಳ್ಳೆಯದು. ಇಂಗ್ಲಿಷ್ ಪ್ರಬಂಧದಲ್ಲಿ ತಿರುಗಿಸಲೇಬೇಕೆಂದು ಹೇಳಿದರೆ ಎಲ್ಲ ಕಡೆ ಒಂದೇ ರೀತಿ ತಿರುಗಿಸಿ.

ಅನುವಾದಕರನ್ನು ಮರೆಯುವುದು ಇನ್ನೊಂದು ದೊಡ್ಡ ಲೋಪ. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ 50,000 ಪೌಂಡ್‌ಗಳ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸಮನಾಗಿ ಹಂಚಲಾಯಿತು. ನಮ್ಮ ಆಕರ ಸೂಚಿಯಲ್ಲಿ ಅನುವಾದಕಿಗೆ ಒಂದು ಸಾಲಿನ ಜಾಗವನ್ನಾದರೂ ಕೊಡಬೇಡವೇ?

ಉಮ್ಮನ ಮಾತಿಗೂ ಲೆಕ್ಕವಿದೆ

ನಮ್ಮ ವಿದ್ಯಾರ್ಥಿನಿಯರ ಪ್ರಬಂಧಗಳಲ್ಲಿ ಅತ್ಯಂತ ಬೆಲೆಬಾಳುವ ಭಾಗ ಬ್ಯಾರಿ ಮದುವೆ ಹಾಡು, ಹಳೆಯ ಅಡುಗೆ, ನಾಟಿ ಮದ್ದು, ಬೀಡಿ ಕೆಲಸದ ನೆನಪು ಮುಂತಾದ ಬಾಯಿಮಾತಿನ ಸಂಗತಿಗಳು. ಇವೆಲ್ಲ ಸಿಗುವುದು ಮನೆಯ ಹಿರಿಯ ಹೆಂಗಸರಿಂದ. ಆದರೆ ಪ್ರಬಂಧದಲ್ಲಿ ಅವರ ಹೆಸರೇ ಇರುವುದಿಲ್ಲ. ಪುಸ್ತಕ ಬರೆದವರಿಗೆ ಋಣ, ಹಾಡು ಹೇಳಿದ ಅಜ್ಜಿಗೆ ಏನೂ ಇಲ್ಲ!

ಜಾನಪದ ವಿದ್ವಾಂಸರು ಮಾಹಿತಿ ಕೊಟ್ಟವರನ್ನು 'ವಕ್ತೃ' ಎಂದು ಕರೆದು ಪಟ್ಟಿ ಕೊಡುತ್ತಾರೆ. ಹೆಸರು, ವಯಸ್ಸು, ಊರು, ಉದ್ಯೋಗ, ಮಾತನಾಡಿಸಿದ ದಿನಾಂಕ ಇಷ್ಟನ್ನು ಬರೆಯಬೇಕು. ಮೊದಲು ಅವರ ಅನುಮತಿ ಕೇಳಬೇಕು. ಹೆಸರು ಬೇಡವೆಂದರೆ "ಹೆಸರು ಹೇಳಲಿಚ್ಛಿಸದ 70ರ ಮಹಿಳೆ, ಬಂಟ್ವಾಳ ತಾಲೂಕು" ಎಂದು ಬರೆದರೂ ಸಾಕು. ಎ.ಪಿ.ಎ. ಶೈಲಿಯಲ್ಲಿ ಧ್ವನಿಮುದ್ರಿಸಿಡದ ಇಂತಹ ಮಾತುಕತೆಯನ್ನು ಪ್ರಬಂಧದ ಒಳಗೆ ಮಾತ್ರ ಸೂಚಿಸುತ್ತಾರೆ, ಕೊನೆಯ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಆಗ ವಕ್ತೃಗಳ ಪಟ್ಟಿಯನ್ನು ಅನುಬಂಧವಾಗಿ ಕೊಡಬಹುದು.

ಮಹಿಳೆಯ ಶ್ರಮವನ್ನು ಹೆಸರಿಸದೆ ಬಳಸಿಕೊಳ್ಳುವುದು ಸಣ್ಣ ವಿಷಯವಲ್ಲ. 2011ರ 'ಬ್ಯಾರಿ' ಚಲನಚಿತ್ರ ರಾಷ್ಟ್ರ ಪ್ರಶಸ್ತಿ ಪಡೆಯಿತು. ಅದು ತನ್ನ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಅನುಮತಿಯಿಲ್ಲದೆ ಆಧರಿಸಿದೆ ಎಂದು ಸಾರಾ ಅಬೂಬಕ್ಕರ್ ನ್ಯಾಯಾಲಯಕ್ಕೆ ಹೋದರು. ಮಂಗಳೂರಿನ ಜಿಲ್ಲಾ ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ಪ್ರಸಿದ್ಧ ಲೇಖಕಿಗೆ ನ್ಯಾಯಾಲಯದ ಮೆಟ್ಟಿಲೇರಲು ಸಾಧ್ಯವಾಯಿತು. ಹಾಡು ಹೇಳಿಕೊಟ್ಟ ಅಜ್ಜಿಗೆ ಆ ದಾರಿಯಿಲ್ಲ. ಅವರ ಹಕ್ಕು ಮೊಮ್ಮಗಳ ಪ್ರಾಮಾಣಿಕತೆಯಲ್ಲೇ ಇದೆ.

ಯಂತ್ರ ಕೊಟ್ಟ ಪಟ್ಟಿ

ಈಗ ಕೃತಕ ಬುದ್ಧಿಮತ್ತೆಯ ಆಪ್‌ಗಳನ್ನು ಕೇಳಿದರೆ ಕ್ಷಣದಲ್ಲಿ ಇಪ್ಪತ್ತು ಆಕರಗಳ ಪಟ್ಟಿ ಬರುತ್ತದೆ. ನೋಡಲು ಅಚ್ಚುಕಟ್ಟು. ಆದರೆ ಅದರಲ್ಲಿರುವ ಕೆಲವು ಪುಸ್ತಕಗಳು ಹುಟ್ಟಿಯೇ ಇರುವುದಿಲ್ಲ! ಹೀಗೆ ಯಂತ್ರ ಕಟ್ಟಿಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದ್ದಕ್ಕಾಗಿ 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು. ಕಲಿತ ವಕೀಲರೇ ಮೋಸ ಹೋದ ಮೇಲೆ ನಮ್ಮ ಮಕ್ಕಳು ಎಷ್ಟು ಎಚ್ಚರವಿರಬೇಕು? ಯಂತ್ರ ಸೂಚಿಸಿದ ಪುಸ್ತಕವನ್ನು ಗ್ರಂಥಾಲಯದಲ್ಲೋ, ಭಾರತೀಯ ಪಿಎಚ್.ಡಿ. ಪ್ರಬಂಧಗಳ ಭಂಡಾರವಾದ 'ಶೋಧಗಂಗಾ'ದಲ್ಲೋ ಕಣ್ಣಾರೆ ನೋಡುವ ತನಕ ಪಟ್ಟಿಗೆ ಸೇರಿಸಬೇಡಿ. ವಿಕಿಪೀಡಿಯ ಬಾಗಿಲು ಮಾತ್ರ. ಅಲ್ಲಿ ಕೊನೆಗೆ ಕೊಟ್ಟ ಮೂಲವನ್ನು ತೆರೆದು ಓದಿ ಅದನ್ನು ನಮೂದಿಸಿ. ವೆಬ್ ಪುಟವನ್ನು ಬಳಸಿದರೆ ಪೂರ್ತಿ ವಿಳಾಸದೊಂದಿಗೆ ನೋಡಿದ ದಿನಾಂಕವನ್ನೂ ಬರೆದಿಡಿ. ಇಂದಿದ್ದ ಪುಟ ನಾಳೆ ಇಲ್ಲದಿರಬಹುದು.

ನಕಲಿಗೆ ಕಾನೂನಿನ ಬಿಸಿಯೂ ಇದೆ. ಯು.ಜಿ.ಸಿ. 2018ರಲ್ಲಿ ಹೊರಡಿಸಿದ ನಿಯಮದಂತೆ ಸ್ನಾತಕೋತ್ತರ ಮತ್ತು ಅದರ ಮೇಲಿನ ಪ್ರಬಂಧಗಳಲ್ಲಿ ಹೋಲಿಕೆ ಶೇ. 10ರ ಒಳಗಿದ್ದರೆ ದಂಡವಿಲ್ಲ. ಶೇ. 10ರಿಂದ 40ರ ತನಕ ಇದ್ದರೆ 6 ತಿಂಗಳೊಳಗೆ ನಿಗದಿಪಡಿಸಿದ ಅವಧಿಯಲ್ಲಿ ತಿದ್ದಿ ಕೊಡಬೇಕು. ಶೇ. 40ರಿಂದ 60ರ ತನಕ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಮನೆಯವರನ್ನು ಒಪ್ಪಿಸಿ, ಬಸ್ಸು ಹತ್ತಿ, ಮದುವೆ ಮುಂದೂಡಿ ಓದುವ ನಮ್ಮ ಹೆಣ್ಣು ಮಕ್ಕಳಿಗೆ ಒಂದು ವರ್ಷ ಎಂದರೆ ಎಷ್ಟು ದೊಡ್ಡದು ಎಂಬುದು ಅವರಿಗೇ ಗೊತ್ತು. ಕೆಲವರಿಗೆ ಆ ಒಂದು ವರ್ಷ ಮತ್ತೆ ಸಿಗುವುದೇ ಇಲ್ಲ. ಹಣ ಕೊಟ್ಟರೆ ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಗಳಿಗೆ ಹೋಗುವ ಮುನ್ನ ಹೆತ್ತವರು ಇದನ್ನು ಯೋಚಿಸಬೇಕು. ಅಂಗಡಿಯವನ ಹೆಸರು ಪ್ರಬಂಧದ ಮೇಲಿರುವುದಿಲ್ಲ, ಮಗಳ ಹೆಸರಿರುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಒಂದು 200 ಪುಟದ ನೋಟ್ ಪುಸ್ತಕ ಸಾಕು. ಪುಸ್ತಕ ಕೈಗೆ ಬಂದ ಕೂಡಲೇ, ಓದಲು ತೊಡಗುವ ಮೊದಲೇ, ಒಂದು ಹೊಸ ಪುಟದ ಮೇಲ್ಭಾಗದಲ್ಲಿ ಲೇಖಕರು, ವರ್ಷ, ಹೆಸರು, ಪ್ರಕಾಶಕರು ಎಂದು ಬರೆದುಕೊಳ್ಳಲಿ. ಶೀರ್ಷಿಕೆ ಪುಟ ಮತ್ತು ಅದರ ಹಿಂದಿನ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡಲಿ. ಮುದ್ರಣದ ವರ್ಷ ಇರುವುದು ಆ ಹಿಂದಿನ ಪುಟದಲ್ಲೇ. ಏನನ್ನು ಬರೆದುಕೊಂಡರೂ ಪಕ್ಕದಲ್ಲಿ ಪುಟ ಸಂಖ್ಯೆ ಇರಲಿ. ಪುಸ್ತಕದ ಮಾತನ್ನು ಹಾಗೆಯೇ ಬರೆದುಕೊಂಡರೆ ಉದ್ಧರಣ ಚಿಹ್ನೆ ಹಾಕಲಿ, ಸ್ವಂತ ಮಾತಿನಲ್ಲಿ ಬರೆದರೆ ಹಾಕದಿರಲಿ. ಎರಡು ತಿಂಗಳ ಬಳಿಕ ಯಾವುದು ಯಾರ ಮಾತು ಎಂದು ನೆನಪಿರುವುದಿಲ್ಲ. ಸ್ವಂತ ಮಾತಿನಲ್ಲಿ ಹೇಳಿದರೂ ವಿಚಾರ ಇನ್ನೊಬ್ಬರದ್ದಾದರೆ ಆಧಾರ ಕೊಡಲೇಬೇಕು ಎಂಬುದನ್ನೂ ಮರೆಯಬಾರದು.

ತಾಯಂದಿರು ಮಾಡಬೇಕಾದದ್ದು ಇನ್ನೂ ಸುಲಭ. ಪ್ರಬಂಧ ಮುಗಿಯುವ ಮುನ್ನ ಒಂದು ಸಂಜೆ ಮಗಳ ಬಳಿ ಕುಳಿತು ಯಾವುದಾದರೂ ಒಂದು ಪುಟದ ಮೇಲೆ ಬೆರಳಿಟ್ಟು ಕೇಳಿ, "ಇದು ಯಾರ ಮಾತು? ಎಲ್ಲಿದೆ? ತೋರಿಸು ನೋಡೋಣ." ಅವಳು ನೋಟ್ ಪುಸ್ತಕ ತೆರೆದು ತೋರಿಸಿದರೆ ಪರೀಕ್ಷಕರ ಮುಂದೆಯೂ ತಲೆಯೆತ್ತಿ ನಿಲ್ಲುತ್ತಾಳೆ. ತೋರಿಸಲಾಗದಿದ್ದರೆ ಆ ವಾಕ್ಯವನ್ನು ಹುಡುಕಿ ಸರಿಪಡಿಸಲು ಇನ್ನೂ ಸಮಯವಿದೆ.